ಧಾರೆ ಆಯಿತು, ಇನ್ನು ದಾಖಲೆ: ಅಮೆರಿಕದ ಗ್ರೀನ್ ಕಾರ್ಡಿಗೆ ಕಾಗದ ಜೋಡಿಸುವ ಬಗೆ

ಹುಟ್ಟಿದ ದಿನ ಇದೆ, ತಂದೆ ತಾಯಿಯ ಹೆಸರಿದೆ, ತಾಲ್ಲೂಕು ಆಸ್ಪತ್ರೆಯ ಹೆಸರೂ ಇದೆ. ‘ಮಗುವಿನ ಹೆಸರು’ ಎಂಬಲ್ಲಿ ಮಾತ್ರ ಒಂದು ಗೀಟು. ಕನ್ನಡದ ದಾಖಲೆಗಳನ್ನು ಇಂಗ್ಲಿಷಿಗೆ ಅನುವಾದಿಸಿಕೊಡುವುದು ನನ್ನ ಕೆಲಸ. ಮದುವೆಯಾಗಿ ಅಮೆರಿಕಕ್ಕೆ ಹೊರಟವರು ತರುವ ಜನನ ಪ್ರಮಾಣಪತ್ರಗಳಲ್ಲಿ ಈ ಗೀಟನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ತಂದವರ ಕೋರಿಕೆ ಬಹುಪಾಲು ಒಂದೇ: “ಅನುವಾದದಲ್ಲಿ ಹೆಸರು ಸೇರಿಸಿಬಿಡಿ ಮೇಡಂ, ಯಾರು ನೋಡ್ತಾರೆ?”

ನೋಡುತ್ತಾರೆ. ಮೂಲದ ಪ್ರತಿ, ಅನುವಾದ ಎರಡೂ ಒಂದೇ ಫೈಲಿನಲ್ಲಿ ಅಕ್ಕಪಕ್ಕ ಕೂರುತ್ತವೆ. ಇಲ್ಲದ ಹೆಸರನ್ನು ಅನುವಾದದಲ್ಲಿ ತುಂಬಿದರೆ ಅದು ಸುಳ್ಳು ದಾಖಲೆ. ಆದರೆ ಆ ಗೀಟು ಯಾಕೆ ಬಂತು ಎಂಬುದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ. ಆಸ್ಪತ್ರೆಯವರು ಜನನವನ್ನು ವರದಿ ಮಾಡುವಾಗ ನಾಮಕರಣ ಆಗಿರಲಿಲ್ಲ, ಅಷ್ಟೆ. ತೊಟ್ಟಿಲಿಗೆ ಹಾಕಿದ ಮೇಲೆ ಹೆಸರು ಬರೆಸಲು ಯಾರೂ ಕಚೇರಿಗೆ ಹೋಗಲಿಲ್ಲ.

ನಿಮ್ಮ ಫೈಲು ತೆರೆಯುವ ಅಮೆರಿಕದ ಅಧಿಕಾರಿಗೆ ತೊಟ್ಟಿಲ ಶಾಸ್ತ್ರ ಗೊತ್ತಿಲ್ಲ. ಇನಿಶಿಯಲ್ ಎಂದರೆ ಊರ ಹೆಸರು ಎಂಬುದೂ ಗೊತ್ತಿಲ್ಲ, ಹುಡುಗ ಮೂರು ವಾರದ ರಜೆಯಲ್ಲಿ ಬಂದು ಮದುವೆಯಾಗಿ ಹೋಗುವುದು ನಮ್ಮಲ್ಲಿ ಮಾಮೂಲು ಎಂಬುದೂ ಗೊತ್ತಿಲ್ಲ. ಊರಿಗೆಲ್ಲ ಗೊತ್ತಿರುವುದನ್ನು ಊರೇ ಗೊತ್ತಿಲ್ಲದವರಿಗೆ ಕಾಗದದಲ್ಲಿ ಹೇಳಬೇಕು. ಈ ಒಂದು ಮಾತು ತಲೆಯಲ್ಲಿದ್ದರೆ ಯಾವ ದಾಖಲೆ ಬೇಕು, ಎಲ್ಲಿ ಒಂದು ಸಾಲು ವಿವರಣೆ ಬೇಕು ಎಂಬುದು ನಿಮಗೇ ಹೊಳೆಯುತ್ತದೆ.

ಇಷ್ಟು ಕಾಗದ ಯಾಕೆ ಕೇಳುತ್ತಾರೆ

ಗ್ರೀನ್ ಕಾರ್ಡಿಗಾಗಿಯೇ ನಡೆಯುವ ಹುಸಿ ಮದುವೆಗಳನ್ನು ತಡೆಯಲೆಂದು ಅಮೆರಿಕ 1986ರಲ್ಲಿ ಒಂದು ಪ್ರತ್ಯೇಕ ಕಾಯ್ದೆ ಮಾಡಿತು. ಮೋಸ ಸಾಬೀತಾದರೆ 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ. ಅದಕ್ಕಿಂತ ಕಠಿಣವಾದುದು ಇನ್ನೊಂದಿದೆ: ಹಾಗೆ ಸಿಕ್ಕಿಬಿದ್ದವರ ಪರವಾಗಿ ಮುಂದೆ ಯಾರು ಪಿಟಿಷನ್ ಹಾಕಿದರೂ ಅದು ಮಂಜೂರಾಗುವುದಿಲ್ಲ.

ಹಾಗಾಗಿ ಅಧಿಕಾರಿಯ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಮದುವೆ ಕಾನೂನುಬದ್ಧವೇ? ಮದುವೆಯಾದಾಗ ಇಬ್ಬರಿಗೂ ಕೂಡಿ ಬಾಳುವ ಮನಸ್ಸಿತ್ತೇ? ಮೊದಲನೆಯದಕ್ಕೆ ಸರ್ಕಾರಿ ಪತ್ರಗಳು ಉತ್ತರ ಕೊಡುತ್ತವೆ. ಎರಡನೆಯದಕ್ಕೆ ನಿಮ್ಮ ಬದುಕೇ ಬಿಟ್ಟುಹೋದ ಚೂರುಪಾರು ಕಾಗದಗಳು ಬೇಕು. ಹಿರಿಯರು ನೋಡಿ ಮಾಡಿದ ಮದುವೆ ಎಂಬುದು ಕಾನೂನಿನ ಕಣ್ಣಿನಲ್ಲಿ ಕೊರತೆಯಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ “ಅರೇಂಜ್ಡ್ ಅಂದ್ರೆ ನಂಬಲ್ಲ, ಎರಡು ವರ್ಷದಿಂದ ಪ್ರೀತಿಸ್ತಿದ್ವಿ ಅಂತ ಬರೀರಿ” ಎಂದು ಬುದ್ಧಿ ಹೇಳುವವರು ಪ್ರತಿ ಬಂಧುಬಳಗದಲ್ಲೂ ಇದ್ದಾರೆ. ಆ ಮಾತು ಕೇಳಬೇಡಿ. ನಿಜವಾದ ಮದುವೆಗೆ ಸುಳ್ಳು ಕಥೆ ಹೊಸೆದು ಕೆಡಿಸಿಕೊಂಡ ಹಾಗಾಗುತ್ತದೆ.

ಮೊದಲು ನಿಮ್ಮ ದಾರಿ ಯಾವುದು, ನೋಡಿಕೊಳ್ಳಿ

ಅರ್ಜಿ ಹಾಕುವ ಸಂಗಾತಿ ಅಮೆರಿಕದ ಪ್ರಜೆಯಾಗಿದ್ದರೆ ವಾರ್ಷಿಕ ಕೋಟಾದ ಸಾಲು ಇಲ್ಲ. ಅವರೂ ಗ್ರೀನ್ ಕಾರ್ಡಿನವರೇ ಆಗಿದ್ದರೆ ನಿಮ್ಮದು ಎಫ್‌2ಎ ವರ್ಗ. ವೀಸಾ ಬುಲೆಟಿನ್ ನೋಡುತ್ತಾ ಸರದಿ ಕಾಯಬೇಕು.

ಎರಡೂ ಸಂದರ್ಭದಲ್ಲಿ ಮೊದಲ ಹೆಜ್ಜೆ ಐ-130 ಪಿಟಿಷನ್. ಅದರ ಜೊತೆಗೆ ಸಂಗಾತಿಯ ವಿವರದ ಐ-130ಎ. ಆಮೇಲೆ ದಾರಿ ಕವಲೊಡೆಯುತ್ತದೆ. ನೀವು ಕರ್ನಾಟಕದಲ್ಲೇ ಇದ್ದರೆ ಮಂಜೂರಾದ ಪಿಟಿಷನ್ ಎನ್‌ವಿಸಿ, ಅಂದರೆ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಅಲ್ಲಿ ಡಿಎಸ್-260 ಅರ್ಜಿ, ದಾಖಲೆಗಳ ಅಪ್‌ಲೋಡ್. ನಂತರ ವೈದ್ಯಕೀಯ ತಪಾಸಣೆ, ಸಂದರ್ಶನ. ಸಂದರ್ಶನ ಸಾಮಾನ್ಯವಾಗಿ ಮುಂಬೈನ ಅಮೆರಿಕನ್ ಕಾನ್ಸುಲೇಟಿನಲ್ಲಿ. ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಈಗಾಗಲೇ ಅಲ್ಲಿದ್ದು ಅಮೆರಿಕದ ಪ್ರಜೆಯನ್ನು ಮದುವೆಯಾದವರು ಅಲ್ಲಿಂದಲೇ ಐ-130, ಗ್ರೀನ್ ಕಾರ್ಡಿನ ಅರ್ಜಿಯಾದ ಐ-485 ಎರಡನ್ನೂ ಒಟ್ಟಿಗೆ ಹಾಕಬಹುದು.

ಒಂದು ಎಚ್ಚರಿಕೆ ಈಗಲೇ. ಅಮೆರಿಕದ ಪ್ರಜೆ ಹಾಕುವ ಸಂಗಾತಿಯ ಪಿಟಿಷನ್‌ನಲ್ಲಿ ಮಕ್ಕಳು ತಾವಾಗಿ ಸೇರುವುದಿಲ್ಲ. ನಿಮಗೆ ಮೊದಲ ಮದುವೆಯ ಮಗುವಿದ್ದರೆ ಅದಕ್ಕೆ ಬೇರೆಯೇ ಐ-130 ಬೇಕು, ಮಗುವಿಗೆ 18 ತುಂಬುವ ಮೊದಲೇ ನಿಮ್ಮ ಈ ಮದುವೆ ಆಗಿರಬೇಕು. ತಾಯಿಯ ಸಂದರ್ಶನದ ಹೊತ್ತಿಗೆ ಮಗುವಿನ ಪಿಟಿಷನ್ನೇ ಇಲ್ಲ ಎಂದು ಗೊತ್ತಾದರೆ ತಾಯಿ ಮಗು ತಿಂಗಳುಗಟ್ಟಲೆ ಬೇರೆಯಾಗಿರಬೇಕಾಗುತ್ತದೆ.

1. ಹೆಸರಿನ ಪಟ್ಟಿ ಬರೆಯಿರಿ

ಬೇರೆ ಯಾವ ಕೆಲಸಕ್ಕೂ ಮೊದಲು ಇದನ್ನು ಮಾಡಿ. ಮನೆಯಲ್ಲಿರುವ ಎಲ್ಲ ದಾಖಲೆ ಹರಡಿಕೊಂಡು, ಒಂದೊಂದರಲ್ಲೂ ನಿಮ್ಮ ಹೆಸರು ಹೇಗಿದೆಯೋ ಅಕ್ಷರ ಬಿಡದೆ ಬರೆದುಕೊಳ್ಳಿ. ಉದಾಹರಣೆಗೆ ಹೀಗಿರುತ್ತದೆ:

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ: ಮಂಜುನಾಥ ಎಚ್. ಆರ್.
ಪಾಸ್‌ಪೋರ್ಟ್: ಮಂಜುನಾಥ್ ಹೊಸಹಳ್ಳಿ ರಾಮಯ್ಯ
ಮದುವೆ ನೋಂದಣಿ: ಎಚ್. ಆರ್. ಮಂಜುನಾಥ್
ಆಧಾರ್: ಮಂಜುನಾಥ

ನಮಗೆ ಇದು ಒಬ್ಬನೇ ಮನುಷ್ಯ. ಹೊರಗಿನವರಿಗೆ ನಾಲ್ವರು. ಪಟ್ಟಿಯ ಕೆಳಗೆ ಎರಡು ಸಾಲು ಸಾಕು: ‘ಎಚ್ ಎಂದರೆ ಹೊಸಹಳ್ಳಿ, ನಮ್ಮ ಪೂರ್ವಿಕರ ಊರು. ಆರ್ ಎಂದರೆ ರಾಮಯ್ಯ, ನನ್ನ ತಂದೆ. ನಮ್ಮ ಕಡೆ ಮನೆತನದ ಹೆಸರಿನ ಬದಲು ಹೀಗೆ ಇನಿಶಿಯಲ್ ಬಳಸುತ್ತಾರೆ.’ ಇದರ ಜೊತೆಗೆ ‘ಈ ಎಲ್ಲ ಹೆಸರುಗಳೂ ಒಬ್ಬನವೇ’ ಎಂಬ ಅಫಿಡವಿಟ್ ಇಡಿ. ಅರ್ಜಿಗಳಲ್ಲಿ ‘ಬಳಸಿದ ಇತರ ಹೆಸರುಗಳು’ ಎಂಬ ಜಾಗ ಇರುತ್ತದೆ. ನಾಲ್ಕನ್ನೂ ಅಲ್ಲಿ ಬರೆಯಿರಿ.

ಉತ್ತರ ಕರ್ನಾಟಕದ ಕಡೆ ಮನೆತನದ ಹೆಸರು ಇರುವುದರಿಂದ ಈ ತೊಡಕು ಕಡಿಮೆ. ಅಲ್ಲಿನ ತೊಡಕು ಹೆಣ್ಣುಮಕ್ಕಳದು. ಮದುವೆಯ ನಂತರ ಅಡ್ಡಹೆಸರಿನ ಜೊತೆ ತಂದೆಯ ಹೆಸರು ಹೋಗಿ ಗಂಡನ ಹೆಸರು ಬರುತ್ತದೆ, ಕೆಲವು ಮನೆಗಳಲ್ಲಿ ಹುಡುಗಿಯ ಹೆಸರನ್ನೇ ಬದಲಿಸುತ್ತಾರೆ. ನನ್ನ ಸಲಹೆ ನೇರವಾಗಿದೆ: ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ಯಾವ ದಾಖಲೆಯಲ್ಲೂ ಹೆಸರು ಬದಲಿಸಬೇಡಿ. ಗಂಡನ ಹೆಸರು ಸೇರಿಸಲೇಬೇಕು ಎಂಬ ನಿಯಮ ಎಲ್ಲೂ ಇಲ್ಲ.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದು ಒಂದೇ ಹೆಸರಿದ್ದರೆ, ಅಮೆರಿಕದ ವೀಸಾದಲ್ಲಿ ಆ ಹೆಸರು ಸರ್‌ನೇಮ್ ಆಗಿ, ನಿಮ್ಮ ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಕೂರುತ್ತದೆ. ‘ಹೆಸರು ಗೊತ್ತಿಲ್ಲ’ ಎಂದು ಅದರ ಅರ್ಥ. ಅದೇ ಮುಂದೆ ಬ್ಯಾಂಕು, ಲೈಸೆನ್ಸು ಎಲ್ಲ ಕಡೆ ಬೆನ್ನು ಹತ್ತುತ್ತದೆ. ಐ-130 ಹಾಕುವ ಮೊದಲೇ ಹೆಸರನ್ನು ಎರಡು ಭಾಗ ಮಾಡಿಸಿ ಪಾಸ್‌ಪೋರ್ಟ್ ಮರುವಿತರಣೆ ಮಾಡಿಸಿಕೊಳ್ಳುವುದು ಒಳ್ಳೆಯದು.

2. ಜನನ ಪ್ರಮಾಣಪತ್ರ

ಜನನ ಮರಣ ನೋಂದಣಿ ಕಾಯ್ದೆ 1969ರದು, ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಿಂದ. ಆಮೇಲೆ ಹುಟ್ಟಿದವರಿಗೆಲ್ಲ ಪ್ರಮಾಣಪತ್ರ ಇರಲೇಬೇಕು ಎಂದು ಅಮೆರಿಕದವರು ನಿರೀಕ್ಷಿಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ಎಂಬತ್ತು, ತೊಂಬತ್ತರ ದಶಕದಲ್ಲೂ ಮನೆಯಲ್ಲೇ ಹೆರಿಗೆಯಾಗಿ ನೋಂದಣಿಯೇ ಆಗದವರು ಎಷ್ಟೋ ಜನ. ನಿಮ್ಮದು ಯಾವ ಸ್ಥಿತಿ ಎಂಬುದರ ಮೇಲೆ ಮುಂದಿನ ಕೆಲಸ.

ಪತ್ರ ಇದೆ, ಹೆಸರಿಲ್ಲ: ಕಾಯ್ದೆಯ 14ನೇ ಕಲಂ ಹೆಸರು ಸೇರಿಸಲು ದಾರಿ ಇಟ್ಟಿದೆ. ಅದಕ್ಕೆ ಕಾಲಮಿತಿ ಇರುವುದರಿಂದ ನಿಮ್ಮ ಜನನ ನೋಂದಣಿಯಾದ ಕಚೇರಿಯಲ್ಲೇ ಮೊದಲು ವಿಚಾರಿಸಿ. ಸೇರಿಸಲು ಆಗದಿದ್ದರೆ ಗೀಟಿರುವ ಪತ್ರವನ್ನು ಇದ್ದ ಹಾಗೆ ಕೊಟ್ಟು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಶಾಲಾ ವರ್ಗಾವಣೆ ಪತ್ರ, ಎರಡು ಅಫಿಡವಿಟ್ ಜೋಡಿಸಿ.

ಪತ್ರ ಇದೆ, ತಪ್ಪಿದೆ: ತಾಯಿಯ ಹೆಸರು ಒಂದು ಕಡೆ ಲಕ್ಷ್ಮಮ್ಮ, ಇನ್ನೊಂದು ಕಡೆ ಲಕ್ಷ್ಮೀದೇವಿ ಎಂಬಂಥವು. 15ನೇ ಕಲಂ ಪ್ರಕಾರ ನೋಂದಣಾಧಿಕಾರಿ ತಿದ್ದಿಕೊಡಬಹುದು. ಸಣ್ಣ ಕಾಗುಣಿತದ ವ್ಯತ್ಯಾಸಕ್ಕೆ ತಾಯಿಯ ಅಫಿಡವಿಟ್ ಸಾಕಾಗುತ್ತದೆ.

ಪತ್ರವೇ ಇಲ್ಲ: ಮೊದಲು ‘ಅಲಭ್ಯತಾ ಪ್ರಮಾಣಪತ್ರ’, ಅಂದರೆ ರಿಜಿಸ್ಟರ್ ಹುಡುಕಿದರೂ ನಮೂದು ಸಿಗಲಿಲ್ಲ ಎಂದು ನೋಂದಣಾಧಿಕಾರಿ ಬರೆದುಕೊಡುವ ಪತ್ರ ಪಡೆಯಿರಿ. ಅದನ್ನು ಬಿಟ್ಟು ಬರಿಯ ಅಫಿಡವಿಟ್ ಕೊಟ್ಟರೆ ವಾಪಸ್ ಬರುತ್ತದೆ. ‘ಮೊದಲ ದರ್ಜೆಯ ಪುರಾವೆ ಸಿಗುವುದಿಲ್ಲ’ ಎಂದು ತೋರಿಸಿದ ಮೇಲೆಯೇ ಅವರು ಎರಡನೇ ದರ್ಜೆಯದನ್ನು ನೋಡುವುದು. ಇನ್ನೊಂದು ದಾರಿ ತಡವಾದ ನೋಂದಣಿ. ಒಂದು ವರ್ಷ ಮೀರಿದ ಜನನಕ್ಕೆ ಮೊದಲು ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳ ಕಡೆಗೆ ಬಂದಿದೆ. ಇತ್ತೀಚೆಗಷ್ಟೇ ಮಾಡಿಸಿದ ಪತ್ರವನ್ನು ಮಾತ್ರ ಒಂಟಿಯಾಗಿ ಕಳಿಸಬೇಡಿ, ಹಳೆಯ ಶಾಲಾ ದಾಖಲೆಯನ್ನೂ ಇಡಿ.

ಅಫಿಡವಿಟ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕೋರ್ಟಿನ ಮುಂದೆ ಟೈಪು ಮಾಡಿಕೊಡುವವರ ಹತ್ತಿರ ಒಂದು ಸಿದ್ಧ ಮಾದರಿ ಇರುತ್ತದೆ: ‘ಸದರಿಯವರು ನನಗೆ ಚೆನ್ನಾಗಿ ಪರಿಚಿತರು, ಅವರು ಇಂಥ ದಿನ ಜನಿಸಿರುತ್ತಾರೆ.’ ಇದರಲ್ಲಿ ಪುರಾವೆಯೇ ಇಲ್ಲ. ಹೇಳುವವರಿಗೆ ಅದು ಹೇಗೆ ಗೊತ್ತಾಯಿತು ಎಂಬುದು ಬೇಕು. ನಾನು ಅನುವಾದಿಸಿದ ಒಂದು ಅಫಿಡವಿಟ್ ಇನ್ನೂ ನೆನಪಿದೆ. ಹುಡುಗಿಯ ದೊಡ್ಡಮ್ಮ ಕನ್ನಡದಲ್ಲೇ ಬರೆಸಿದ್ದರು: ಹೆರಿಗೆಯಾದ ರಾತ್ರಿ ತಾನು ಅದೇ ಮನೆಯಲ್ಲಿದ್ದೆ, ಸೂಲಗಿತ್ತಿಯನ್ನು ಕರೆತರಲು ಲಾಟೀನು ಹಿಡಿದು ಹೋದವಳು ತಾನೇ, ಮರುದಿನ ಊರಿನ ಸಂತೆ ಇತ್ತು. ನಾಲ್ಕೇ ಸಾಲು. ಅದರಲ್ಲಿ ಸಾಕ್ಷಿ ಇತ್ತು.

ಹೇಳುವವರ ಪೂರ್ಣ ಹೆಸರು, ವಿಳಾಸ, ಹುಟ್ಟಿದ ದಿನ ಮತ್ತು ಸ್ಥಳ, ನಿಮಗೆ ಏನಾಗಬೇಕು, ಘಟನೆಯ ವಿವರ, ಅದು ತಮಗೆ ತಿಳಿದ ಬಗೆ ಇವಿಷ್ಟು ಇರಬೇಕು. ನೀವು ಹುಟ್ಟುವಾಗ ತಿಳಿವಳಿಕೆ ಬಂದಿದ್ದ ವಯಸ್ಸಿನವರೇ ಹೇಳಬೇಕು. ನಿಮಗಿಂತ ಕಿರಿಯ ತಮ್ಮ ನಿಮ್ಮ ಜನನಕ್ಕೆ ಸಾಕ್ಷಿಯಾಗಲಾರ. ದೊಡ್ಡಮ್ಮನಿಗೆ ಇಂಗ್ಲಿಷ್ ಬರದಿದ್ದರೆ ಇಂಗ್ಲಿಷ್ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಬೇಡಿ. ಕನ್ನಡದಲ್ಲಿ ಬರೆಸಿ, ಓದಿ ಹೇಳಿ, ಸಹಿ ಹಾಕಿಸಿ, ಆಮೇಲೆ ಅನುವಾದ ಮಾಡಿಸಿ.

ಇನ್ನು ಜನ್ಮದಿನವೇ ಎರಡಿರುವವರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ಪಾಸ್‌ಪೋರ್ಟಿನಲ್ಲಿ, ನಿಜವಾದ ದಿನ ಜನನ ಪತ್ರದಲ್ಲಿ. ಶಾಲೆಯ ದಿನಕ್ಕೆ ಹೊಂದುವಂತೆ ಹೊಸ ಜನನ ಪತ್ರ ಮಾಡಿಸಿಕೊಡುತ್ತೇನೆ ಎನ್ನುವ ದಲ್ಲಾಳಿಯ ಹತ್ತಿರವೂ ಸುಳಿಯಬೇಡಿ. ಇದೊಂದು ವಿಷಯಕ್ಕೆ ವಲಸೆ ಕಾನೂನಿನ ವಕೀಲರನ್ನು ಕಂಡೇ ಮುಂದುವರಿಯಿರಿ.

3. ಮದುವೆಯ ನೋಂದಣಿ

ದೇವಸ್ಥಾನದ ರಸೀದಿ, ಮಠದ ಪತ್ರ, ಛತ್ರದ ಬಿಲ್ಲು ಇವು ಮದುವೆ ನಡೆಯಿತು ಎನ್ನುತ್ತವೆ. ಕಾನೂನಿನ ಪುರಾವೆ ಸಬ್ ರಿಜಿಸ್ಟ್ರಾರ್ ಕಚೇರಿಯ ವಿವಾಹ ನೋಂದಣಿ ಪ್ರಮಾಣಪತ್ರ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಹುಡುಗನೋ ಹುಡುಗಿಯೋ ರಜೆ ಮುಗಿಸಿ ವಿಮಾನ ಹತ್ತುವ ಮೊದಲೇ ಇದನ್ನು ಮುಗಿಸಿಕೊಳ್ಳಿ. ಬೀಗರ ಔತಣಕ್ಕೆ ದಿನ ಹುಡುಕುವ ಹಾಗೆಯೇ ನೋಂದಣಿಗೂ ಒಂದು ದಿನ ಮೊದಲೇ ಎತ್ತಿಡಿ.

ಇಬ್ಬರೂ ಬೇರೆ ಬೇರೆ ಧರ್ಮದವರಾಗಿದ್ದು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವುದಾದರೆ ಲೆಕ್ಕ ಬೇರೆ. ಇಬ್ಬರಲ್ಲಿ ಒಬ್ಬರು ನೋಟಿಸ್ ಕೊಡುವ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ಅದನ್ನು ಕೊಡಬೇಕು, ನೋಟಿಸ್ ಪ್ರಕಟವಾಗಿ ಮತ್ತೆ 30 ದಿನ ಕಾಯಬೇಕು. ಮೂರು ವಾರದ ರಜೆಯಲ್ಲಿ ಇದು ಆಗದ ಕೆಲಸ.

ಪ್ರಮಾಣಪತ್ರದಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರಬೇಕು. ಮುದ್ರಿಸುವ ಮೊದಲು ಪರದೆಯ ಮೇಲೆ ತೋರಿಸುವಂತೆ ಕೇಳಿ, ಒಂದೊಂದು ಅಕ್ಷರ ಓದಿ. ಆ ಐದು ನಿಮಿಷ ಮುಂದಿನ ಐದು ತಿಂಗಳನ್ನು ಉಳಿಸುತ್ತದೆ.

ಮೊದಲ ಮದುವೆ ಮುರಿದಿದ್ದರೆ ನ್ಯಾಯಾಲಯದ ಡಿಕ್ರಿಯ ದೃಢೀಕೃತ ನಕಲು ಬೇಕು. ಸಂಗಾತಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ. ಅರ್ಜಿದಾರರದೂ ಬೇಕು, ನಿಮ್ಮದೂ ಬೇಕು. ಊರ ಹಿರಿಯರ ಮುಂದೆ ಛಾಪಾ ಕಾಗದದಲ್ಲಿ ಬರೆದುಕೊಂಡ ‘ಬಿಡುಗಡೆ ಪತ್ರ’ವನ್ನು ನಂಬಿ ಎರಡನೇ ಮದುವೆಯಾದವರು ಐ-130 ಹಾಕುವ ಮೊದಲೇ ವಕೀಲರ ಹತ್ತಿರ ಹೋಗಬೇಕು. ಮೊದಲ ಮದುವೆ ಕಾನೂನಿನಲ್ಲಿ ಮುಗಿದಿಲ್ಲ ಎಂದಾದರೆ ಎರಡನೆಯದು ನಿಲ್ಲುವುದಿಲ್ಲ.

4. ಕೂಡಿ ಬಾಳುವ ಪುರಾವೆ

ಅಮೆರಿಕದ ಸೂಚನೆಗಳಲ್ಲಿ ಜಂಟಿ ಬಾಡಿಗೆ ಕರಾರು, ಜಂಟಿ ಬ್ಯಾಂಕ್ ಖಾತೆ ಎಂದೆಲ್ಲ ಇರುತ್ತದೆ. ಮದುವೆಯಾಗಿ ಇಪ್ಪತ್ತು ದಿನಕ್ಕೆ ಗಂಡ ಡಲ್ಲಾಸ್‌ಗೆ, ಹೆಂಡತಿ ದಾವಣಗೆರೆಯ ತವರಿಗೆ ಹೋದರೆ ಜಂಟಿ ಬಾಡಿಗೆ ಎಲ್ಲಿಂದ ಬರಬೇಕು ಎಂದು ಹಲವರು ಗಾಬರಿಯಾಗುತ್ತಾರೆ. ನಮ್ಮ ಮದುವೆಗಳು ಬಿಟ್ಟುಹೋಗುವ ಕಾಗದವೇ ಬೇರೆ ಬಗೆಯದು, ಅದು ಮನೆ ತುಂಬ ಬಿದ್ದಿರುತ್ತದೆ.

ನಿಶ್ಚಿತಾರ್ಥದ ದಿನ ಪುರೋಹಿತರು ಓದಿದ ಲಗ್ನಪತ್ರಿಕೆ. ಮದುವೆಯ ಕರೆಯೋಲೆ, ಅದರ ಅನುವಾದ. ಛತ್ರದ ಮುಂಗಡ ರಸೀದಿ, ಅಡುಗೆಯವರ, ಫೋಟೋದವರ ಬಿಲ್ಲು. ಜಾತಕ ವಿನಿಮಯವಾದ ದಿನದ ಇಮೇಲ್ ಅಥವಾ ವಾಟ್ಸ್ಆ್ಯಪ್ ಸಂದೇಶ. ಮೊದಲ ಸಲ ಹೆಣ್ಣು ನೋಡಲು ಬಂದಾಗ ತೆಗೆದ ಫೋಟೋ. ಮದುವೆಗೆ ಬಂದ ವಿಮಾನದ ಬೋರ್ಡಿಂಗ್ ಪಾಸ್. ಮದುವೆಯ ನಂತರ ಧರ್ಮಸ್ಥಳಕ್ಕೋ ತಿರುಪತಿಗೋ ಇಬ್ಬರೂ ಹೋದ ಟಿಕೆಟ್, ಇಬ್ಬರ ಹೆಸರಿನ ರೂಮ್ ಬುಕಿಂಗ್. ಎಲ್‌ಐಸಿ ಪಾಲಿಸಿ, ಪಿಎಫ್‌ನಲ್ಲಿ ನಾಮಿನಿ ಬದಲಿಸಿದ ಪತ್ರ. ಅಲ್ಲಿಂದ ಹಣ ಕಳಿಸಿದ ದಾಖಲೆ. ಅಲ್ಲಿನ ಆರೋಗ್ಯ ವಿಮೆ, ನಿವೃತ್ತಿ ಖಾತೆಗಳಲ್ಲಿ ನಿಮ್ಮ ಹೆಸರು ಸೇರಿಸಿದ ಪುಟ. ಹಬ್ಬಕ್ಕೆಂದು ಅತ್ತೆ ಮನೆಗೆ ಹೋಗಿದ್ದಾಗಿನ ಚಿತ್ರ, ಗಂಡ ಆ ದಿನ ವಿಡಿಯೋ ಕರೆಯಲ್ಲಿದ್ದರೂ ಸರಿ.

ಇವನ್ನು ಹೇಗೆ ಜೋಡಿಸುತ್ತೀರಿ ಎಂಬುದು ಮುಖ್ಯ. ಮೊದಲು ಒಂದು ಪುಟದ ಕಥನ ಬರೆಯಿರಿ. ಯಾರ ಮೂಲಕ ಸಂಬಂಧ ಬಂತು, ಎಂದು ಮೊದಲು ಮಾತನಾಡಿದಿರಿ, ಎಂದು ಒಪ್ಪಿದಿರಿ, ಮದುವೆಯ ನಂತರ ಎಷ್ಟು ದಿನ ಜೊತೆಗಿದ್ದಿರಿ, ಈಗ ಯಾಕೆ ಬೇರೆ ಇದ್ದೀರಿ. ತಾರೀಖಿನ ಸಾಲಿನಲ್ಲಿ ಪುರಾವೆಗಳನ್ನು ಇಡಿ. ಫೋಟೋ ಹದಿನೈದು ಇಪ್ಪತ್ತು ಸಾಕು, ಆದರೆ ಎಲ್ಲ ಒಂದೇ ದಿನದವು ಆಗಬಾರದು. ಇಬ್ಬರೇ ನಿಂತ ಸ್ಟುಡಿಯೋ ಚಿತ್ರಕ್ಕಿಂತ ಇಬ್ಬರ ತಂದೆತಾಯಿಯೂ ಇರುವ ಚಿತ್ರಕ್ಕೆ ತೂಕ ಹೆಚ್ಚು. ಪ್ರತಿ ಫೋಟೋದ ಕೆಳಗೆ ದಿನ, ಸ್ಥಳ, ಎಡದಿಂದ ಬಲಕ್ಕೆ ಯಾರು ಎಂದು ಬರೆಯಿರಿ. ‘ಧಾರೆ: ವಧುವಿನ ತಂದೆತಾಯಿ ಕೈಗೆ ನೀರೆರೆದು ಮಗಳನ್ನು ಒಪ್ಪಿಸುವ ಶಾಸ್ತ್ರ’ ಎಂಬಂಥ ಒಂದು ಸಾಲು ಇರಲಿ.

ವಾಟ್ಸ್ಆ್ಯಪ್ ಮಾತುಕತೆಯನ್ನು ಎಂಟುನೂರು ಪುಟ ಮುದ್ರಿಸಿ ತರುವವರಿದ್ದಾರೆ. ತಿಂಗಳಿಗೆ ಒಂದೆರಡು ಪುಟ ಆರಿಸಿ. ‘ಊಟ ಆಯ್ತಾ’, ‘ಅಮ್ಮನ ಬಿಪಿ ಹೇಗಿದೆ’, ‘ಕಂಪನಿಯಲ್ಲಿ ರಜೆ ಕೊಟ್ರಾ’ ಎಂಬ ಮಾತುಗಳೇ ಒಳ್ಳೆಯ ಪುರಾವೆ. ತೀರ ಖಾಸಗಿಯಾದುದನ್ನು ಯಾರಿಗೂ ತೋರಿಸಬೇಕಿಲ್ಲ.

5. ಹಣದ ಹೊಣೆ: ಐ-864

ಬಂದವರು ಸರ್ಕಾರದ ನೆರವಿಗೆ ಕೈಚಾಚುವುದಿಲ್ಲ ಎಂದು ಅರ್ಜಿದಾರ ಬರೆದುಕೊಡುವ ಕರಾರು ಇದು. ಮನೆಯ ಆದಾಯ ಬಡತನ ರೇಖೆಯ ಶೇ. 125ರಷ್ಟು ಇರಬೇಕು, 2025ರ ಪಟ್ಟಿಯಂತೆ ಗಂಡಹೆಂಡತಿ ಇಬ್ಬರೇ ಇದ್ದರೆ ವರ್ಷಕ್ಕೆ 26,437 ಡಾಲರ್. ಪ್ರತಿ ವರ್ಷ ಬದಲಾಗುವುದರಿಂದ ನಿಮ್ಮ ವರ್ಷದ ಐ-864ಪಿ ಪಟ್ಟಿ ನೋಡಿ. ತೀರ ಇತ್ತೀಚಿನ ವರ್ಷದ ತೆರಿಗೆ ಟ್ರಾನ್‌ಸ್ಕ್ರಿಪ್ಟ್, ಡಬ್ಲ್ಯು-2, ಸಂಬಳದ ಚೀಟಿಗಳು, ಕಂಪನಿಯ ಪತ್ರ ಜೊತೆಗಿರಲಿ.

ಆದಾಯ ಸಾಲದಿದ್ದರೆ ಜಂಟಿ ಸ್ಪಾನ್ಸರ್ ತರಬಹುದು. ಅವರು ಅಮೆರಿಕದಲ್ಲೇ ವಾಸಿಸುವ ಅಲ್ಲಿನ ಪ್ರಜೆ ಅಥವಾ ಗ್ರೀನ್ ಕಾರ್ಡಿನವರಾಗಿರಬೇಕು. ಧಾರವಾಡದ ಮಾವನವರಿಗೆ ಎಷ್ಟೇ ಆಸ್ತಿಯಿದ್ದರೂ ಅವರು ಸ್ಪಾನ್ಸರ್ ಆಗಲಾರರು. ಅಮೆರಿಕದ ಪ್ರಜೆಯಾಗಿದ್ದೂ ಬೆಂಗಳೂರಿನಲ್ಲಿ ನೆಲೆಸಿರುವ ಒಸಿಐ ಕಾರ್ಡಿನವರಿಗೆ ಇನ್ನೊಂದು ಷರತ್ತಿದೆ. ಅಲ್ಲಿ ಮರಳಿ ಮನೆ ಹೂಡುತ್ತಿದ್ದೇನೆ ಎಂದು ತೋರಿಸಬೇಕು: ಕೆಲಸದ ಆಫರ್, ಮನೆಯ ಕರಾರು, ಮಕ್ಕಳ ಶಾಲೆಯ ಪತ್ರ ಇಂಥವು.

ಸಹಿ ಹಾಕುವವರಿಗೆ ಒಂದು ಮಾತು ತಿಳಿದಿರಲಿ. ಈ ಹೊಣೆ ವಿಚ್ಛೇದನದಿಂದ ಮುಗಿಯುವುದಿಲ್ಲ. ಸಂಗಾತಿ ಅಲ್ಲಿನ ಪ್ರಜೆಯಾಗಬೇಕು, ಅಥವಾ ಅವರ ಲೆಕ್ಕಕ್ಕೆ 40 ತ್ರೈಮಾಸಿಕದ ದುಡಿಮೆ ಸೇರಬೇಕು, ಅಥವಾ ಅವರು ನಿವಾಸ ತೊರೆದು ದೇಶ ಬಿಡಬೇಕು, ಇಲ್ಲವೇ ಇಬ್ಬರಲ್ಲಿ ಒಬ್ಬರು ತೀರಿಕೊಳ್ಳಬೇಕು. ಸ್ನೇಹಕ್ಕಾಗಿ ಜಂಟಿ ಸ್ಪಾನ್ಸರ್ ಆಗಲು ಒಪ್ಪಿದ ಗೆಳೆಯನಿಗೂ ಇದನ್ನು ಮೊದಲೇ ಹೇಳುವುದು ಮರ್ಯಾದೆ.

6. ಪೊಲೀಸ್ ಪತ್ರ, ವೈದ್ಯಕೀಯ

ಮುಂಬೈ ದಾರಿಯವರಲ್ಲಿ 16 ವರ್ಷ ದಾಟಿದವರಿಗೆ ಪಾಸ್‌ಪೋರ್ಟ್ ಸೇವಾ ಮೂಲಕ ಪಡೆದ ಪಿಸಿಸಿ, ಅಂದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕು. ಊರಿನ ಠಾಣೆಯ ಪತ್ರ ನಡೆಯುವುದಿಲ್ಲ. ಬೇರೆ ದೇಶದಲ್ಲಿ 12 ತಿಂಗಳು ಅಥವಾ ಹೆಚ್ಚು ಇದ್ದವರು ಅಲ್ಲಿನದನ್ನೂ ತರಿಸಬೇಕು. ದುಬೈಯಲ್ಲೋ ಮಸ್ಕತ್‌ನಲ್ಲೋ ದುಡಿದು ಬಂದ ಕರಾವಳಿಯ ಕಡೆಯವರು ಇದನ್ನು ಮರೆತು ಕೊನೆಯಲ್ಲಿ ಒದ್ದಾಡುತ್ತಾರೆ. ಅದನ್ನೇ ಮೊದಲು ಶುರು ಮಾಡಿ.

ತಪಾಸಣೆ ಕಾನ್ಸುಲೇಟ್ ಹೆಸರಿಸಿದ ವೈದ್ಯರಲ್ಲೇ ಆಗಬೇಕು. ಅಮೆರಿಕದೊಳಗಿಂದ ಅರ್ಜಿ ಹಾಕುವವರು ಅಲ್ಲಿನ ಸಿವಿಲ್ ಸರ್ಜನ್ ತುಂಬಿದ ಐ-693 ಅನ್ನು ಐ-485ರ ಜೊತೆಗೇ ಕಳಿಸಬೇಕು. 2024ರ ಡಿಸೆಂಬರ್‌ನಿಂದ ಇದು ಕಡ್ಡಾಯ. ಅಮ್ಮನ ಟ್ರಂಕಿನಲ್ಲಿರುವ ಬಾಲ್ಯದ ಲಸಿಕೆ ಕಾರ್ಡ್ ಹುಡುಕಿಡಿ.

7. ಅನುವಾದ

ಕನ್ನಡದ ಪ್ರತಿ ಕಾಗದಕ್ಕೂ ಪೂರ್ಣ ಇಂಗ್ಲಿಷ್ ಅನುವಾದ ಬೇಕು. ಪೂರ್ಣ ಎಂದರೆ ಮೊಹರಿನಲ್ಲಿರುವ ಅಕ್ಷರ, ಅಂಚಿನಲ್ಲಿ ಗುಮಾಸ್ತರು ಬರೆದ ಷರಾ ಎಲ್ಲವೂ. ಓದಲಾಗದ್ದನ್ನು ‘ಅಸ್ಪಷ್ಟ’ ಎಂದೇ ಬರೆಯಬೇಕು. ಕೊನೆಯಲ್ಲಿ ಅನುವಾದಕರು ಹೀಗೆ ಬರೆದು ಸಹಿ ಮಾಡಬೇಕು: ತನಗೆ ಎರಡೂ ಭಾಷೆ ಬರುತ್ತವೆ, ಅನುವಾದ ಪೂರ್ಣವೂ ನಿಖರವೂ ಆಗಿದೆ. ಹೆಸರು, ವಿಳಾಸ, ದಿನಾಂಕ ಇರಲಿ. ಸರ್ಕಾರಿ ಮಾನ್ಯತೆ ಪಡೆದ ಅನುವಾದಕರೇ ಆಗಬೇಕೆಂಬ ನಿಯಮವಿಲ್ಲ, ಆದರೆ ಗಂಡಹೆಂಡಿರೇ ಮಾಡಿಕೊಳ್ಳಬೇಡಿ. ಅಪೊಸ್ಟಿಲ್ ಮುದ್ರೆಯೂ ಈ ಅರ್ಜಿಗೆ ಬೇಕಿಲ್ಲ. ಅದಕ್ಕೆಂದು ಸಾವಿರಾರು ರೂಪಾಯಿ ಕಳೆದುಕೊಂಡು ಬಂದವರನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗಿದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹಳೆಯ ಫಾರ್ಮ್ ಬಳಸುವುದು. ಪ್ರತಿ ಫಾರ್ಮಿನ ಕೆಳತುದಿಯಲ್ಲಿ ಆವೃತ್ತಿಯ ದಿನಾಂಕ ಇರುತ್ತದೆ. ಕಳಿಸುವ ದಿನ ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ ಜಾಲತಾಣದಲ್ಲಿ ಮತ್ತೊಮ್ಮೆ ತಾಳೆ ನೋಡಿ. ಶುಲ್ಕವನ್ನೂ ಆ ದಿನವೇ ನೋಡಿಕೊಳ್ಳಿ. 2025ರ ಅಕ್ಟೋಬರ್ 28ರ ನಂತರ ಅವರು ಸಾಮಾನ್ಯವಾಗಿ ಕಾಗದದ ಚೆಕ್ ಒಪ್ಪುತ್ತಿಲ್ಲ. ಕಾರ್ಡ್ ಅಥವಾ ಅಲ್ಲಿನ ಬ್ಯಾಂಕ್ ಖಾತೆಯ ಮೂಲಕವೇ ಕಟ್ಟಬೇಕು.

ಸಹಿ ಮರೆಯುವುದು. ಸಹಿಯಿಲ್ಲದ ಅರ್ಜಿ ಪೂರ್ತಿ ಕಟ್ಟೇ ಹಿಂದಿರುಗುತ್ತದೆ.

ಮೂಲ ದಾಖಲೆಯನ್ನೇ ಅಂಚೆಗೆ ಹಾಕುವುದು. ಕೇಳದ ಹೊರತು ನಕಲು ಕಳಿಸಿ. ಮೂಲವನ್ನು ಸಂದರ್ಶನಕ್ಕೆ ಕೈಯಲ್ಲಿ ಒಯ್ಯಿರಿ.

ಹಿಂದಿನ ಐದು ವರ್ಷದ ವಿಳಾಸ ಕೇಳಿದಾಗ ಪಿಜಿಯಲ್ಲಿದ್ದ ನಾಲ್ಕು ತಿಂಗಳನ್ನು ಬಿಟ್ಟುಬಿಡುವುದು. ಐ-130ಎಯಲ್ಲಿ ಒಂದು ವಿಳಾಸ, ಡಿಎಸ್-260ರಲ್ಲಿ ಇನ್ನೊಂದು ಬಂದರೆ ಸಂದರ್ಶನದಲ್ಲಿ ಪ್ರಶ್ನೆ ಏಳುತ್ತದೆ. ತುಂಬಿದ ಪ್ರತಿ ಅರ್ಜಿಯ ನಕಲನ್ನು ಇಬ್ಬರ ಹತ್ತಿರವೂ ಇಟ್ಟುಕೊಳ್ಳಿ.

ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ಉಳಿದು ಅರ್ಜಿ ಹಾಕುವ ಯೋಜನೆ. ವಿಮಾನ ನಿಲ್ದಾಣದಲ್ಲಿ ‘ನೋಡಿಕೊಂಡು ಬರಲು ಬಂದಿದ್ದೇನೆ’ ಎಂದು ಹೇಳಿ ಮನಸ್ಸಿನಲ್ಲಿ ಬೇರೆ ಇಟ್ಟುಕೊಂಡರೆ ಅದು ಸುಳ್ಳು ಹೇಳಿಕೆ, ಮುಂದಿನ ಬಾಗಿಲನ್ನೇ ಮುಚ್ಚಬಲ್ಲದು.

ಐ-485 ಹಾಕಿದ ಮೇಲೆ ಅಡ್ವಾನ್ಸ್ ಪೆರೋಲ್, ಅಂದರೆ ಹೋಗಿ ಮರಳಲು ಮುಂಚಿತ ಅನುಮತಿ, ಇಲ್ಲದೆ ಊರಿಗೆ ಬರುವುದು. ಸಿಂಧುವಾದ ಎಚ್-1ಬಿ, ಎಲ್-1 ವೀಸಾ ಇರುವವರಿಗೆ ವಿನಾಯಿತಿ ಇದೆ. ಉಳಿದವರು ಹೊರಟರೆ ಸಾಮಾನ್ಯವಾಗಿ ಅರ್ಜಿ ಕೈಬಿಟ್ಟಂತೆ. ಅಜ್ಜಿ ಹಾಸಿಗೆ ಹಿಡಿದ ಸುದ್ದಿ ಬಂದಾಗ ಈ ನಿಯಮ ನೆನಪಾಗುವುದಿಲ್ಲ. ಆದ್ದರಿಂದ ಆ ಅನುಮತಿಯ ಐ-131 ಅರ್ಜಿಯನ್ನೂ ಜೊತೆಗೇ ಹಾಕಿಡಿ.

ಪುರಾವೆ ಸಾಲದೆಂದು ಪತ್ರ ಬಂದರೆ ಹೆದರಬೇಡಿ. ಗಡುವು ಆ ಪತ್ರದಲ್ಲೇ ಇರುತ್ತದೆ, ಸಾಮಾನ್ಯವಾಗಿ 84 ದಿನಕ್ಕಿಂತ ಹೆಚ್ಚು ಕೊಡುವುದಿಲ್ಲ. ಕೇಳಿದ್ದೆಲ್ಲವನ್ನೂ ಒಂದೇ ಸಲ, ಒಂದೇ ಕಟ್ಟಿನಲ್ಲಿ ಕಳಿಸಿ. ಕಾನೂನು ಸಲಹೆ ಬೇಕಾದಾಗ ಅಮೆರಿಕದಲ್ಲಿ ಪರವಾನಗಿ ಇರುವ ವಕೀಲರನ್ನು ಅಥವಾ ಅಲ್ಲಿನ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಯನ್ನೇ ಕೇಳಿ. ನೋಟರಿಯೂ, ನನ್ನಂಥ ಅನುವಾದಕರೂ, ‘ಎಷ್ಟೋ ಜನಕ್ಕೆ ಮಾಡಿಕೊಟ್ಟಿದ್ದೇನೆ’ ಎನ್ನುವ ಏಜೆಂಟರೂ ಆ ಸಲಹೆ ಕೊಡುವ ಅಧಿಕಾರ ಇರುವವರಲ್ಲ.

ಕಾರ್ಡ್ ಬಂದ ಮೇಲೆ

ಗ್ರೀನ್ ಕಾರ್ಡ್ ಸಿಕ್ಕ ದಿನಕ್ಕೆ, ಅಂದರೆ ವೀಸಾದಲ್ಲಿ ಹೋದವರು ಅಲ್ಲಿ ಇಳಿದ ದಿನಕ್ಕೆ, ಮದುವೆಯಾಗಿ 2 ವರ್ಷ ತುಂಬಿರದಿದ್ದರೆ ಸಿಗುವುದು ಷರತ್ತಿನ ಕಾರ್ಡ್. ಅದರ ಅವಧಿ 2 ವರ್ಷ. ಮುಗಿಯುವ ಮುಂಚಿನ 90 ದಿನಗಳೊಳಗೆ ಇಬ್ಬರೂ ಸೇರಿ ಷರತ್ತು ತೆಗೆಸುವ ಐ-751 ಹಾಕಬೇಕು. ಆಗ ಲಗ್ನಪತ್ರಿಕೆ ಸಾಲುವುದಿಲ್ಲ, ಅಲ್ಲಿ ಕೂಡಿ ಬಾಳಿದ ಕಾಗದಗಳೇ ಬೇಕು. ಬಾಡಿಗೆ ಕರಾರಿಗೆ ನಿಮ್ಮ ಹೆಸರು ಸೇರಿಸಿ, ಕರೆಂಟ್ ಬಿಲ್ಲು ಒಬ್ಬರ ಹೆಸರಿಗಿದ್ದರೆ ಇಂಟರ್‌ನೆಟ್ ಇನ್ನೊಬ್ಬರ ಹೆಸರಿಗಿರಲಿ, ತೆರಿಗೆ ವಿವರ ಜಂಟಿಯಾಗಿ ಸಲ್ಲಿಸಿ, ಒಂದು ಡಬ್ಬಿಯಲ್ಲಿ ತಿಂಗಳು ತಿಂಗಳು ಹಾಕುತ್ತಾ ಬನ್ನಿ. ಸಂಸಾರ ನಡುವೆಯೇ ಮುರಿದರೆ, ಅಥವಾ ಮನೆಯೊಳಗೆ ಹಿಂಸೆ ಇದ್ದರೆ, ಗಂಡನ ಸಹಿಯಿಲ್ಲದೆಯೂ ಐ-751 ಹಾಕಲು ಕಾನೂನಿನಲ್ಲಿ ಅವಕಾಶವಿದೆ. ದೂರದೂರಿಗೆ ಹೋಗುವ ಪ್ರತಿ ಹೆಣ್ಣುಮಗಳಿಗೂ ಇದು ಗೊತ್ತಿರಬೇಕು. ಪಾಸ್‌ಪೋರ್ಟ್, ಕಾರ್ಡುಗಳ ನಕಲು ತವರಿನಲ್ಲೂ ಒಂದು ಇರಲಿ.

ಮನೆ ಬದಲಿಸಿದರೆ 10 ದಿನದೊಳಗೆ ಯುಎಸ್‌ಸಿಐಎಸ್‌ಗೆ ಹೊಸ ವಿಳಾಸ ತಿಳಿಸಬೇಕು. ಎಆರ್-11 ಎಂಬ ಆ ಫಾರ್ಮನ್ನು ಆನ್‌ಲೈನ್‌ನಲ್ಲೇ ತುಂಬಬಹುದು, ಶುಲ್ಕವಿಲ್ಲ.